ನಲವತ್ಮೂರು ಹೆಸರಿನ ಕಾರ್ಡು

ದಾವಣಗೆರೆಯ ನಿಟ್ಟುವಳ್ಳಿಯ ಫಜಲುಲ್ಲಾ ಸಾಬರು ದೊಡ್ಡ ಮನುಷ್ಯರೇನಲ್ಲ. ಹತ್ತಡಿ ಉದ್ದ, ಎಂಟಡಿ ಅಗಲದ ಒಂದು ಅಂಗಡಿ. ಅದರಲ್ಲಿ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಗೋಡೆ ತುಂಬ ಲಗ್ನಪತ್ರಿಕೆಯ ಮಾದರಿಗಳು, ಗಿರಾಕಿಗಳು ಕೂರಲು ಒಂದು ಬೆಂಚು. ಇಪ್ಪತ್ತೆರಡು ವರ್ಷದಿಂದ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು ಮಾಡಿಕೊಂಡು ಬಂದವರು. ಆದರೂ ಆವರಗೆರೆಯಿಂದ ಹರಿಹರದವರೆಗೆ ಅವರ ಹೆಸರೆತ್ತಿದರೆ ಜನ ಗೌರವದಿಂದ ತಲೆಯಾಡಿಸುತ್ತಾರೆ. ಅದಕ್ಕೆ ಕಾರಣ ಅವರ ಡಿಸೈನಲ್ಲ. ಡಿಸೈನು, ನಿಜ ಹೇಳಬೇಕೆಂದರೆ, ಸಾಧಾರಣ.

ಕಾರಣ ಹೆಸರುಗಳ ಸಾಲು. ಲಗ್ನಪತ್ರಿಕೆಯಲ್ಲಿ ಗಂಡು ಹೆಣ್ಣಿನ ಹೆಸರು, ಮುಹೂರ್ತ, ಕಲ್ಯಾಣ ಮಂಟಪದ ವಿಳಾಸ ಹಾಕುವುದಕ್ಕೆ ಹತ್ತು ನಿಮಿಷ ಸಾಕು. ಆಮೇಲೆ 'ಸುಖಾಗಮನ ಬಯಸುವವರು' ಎಂಬ ತಲೆಬರಹ ಬರುತ್ತದೆ, ಅಲ್ಲಿಂದ ಯುದ್ಧ ಶುರು. ದೊಡ್ಡಪ್ಪ ಮೊದಲೋ ಸೋದರಮಾವ ಮೊದಲೋ. ತೀರಿಕೊಂಡ ಅಣ್ಣನ ಮಗ ದೊಡ್ಡವನೋ ಬದುಕಿರುವ ತಮ್ಮ ದೊಡ್ಡವನೋ. ಅಳಿಯನ ನೌಕರಿ ಬರೆಯಬೇಕೋ ಬೇಡವೋ. ಕಾರ್ಡು ಕೈಗೆ ಬಂದ ಕೂಡಲೇ ಮುಹೂರ್ತ ನೋಡುವವರು ನಮ್ಮ ಕಡೆ ಯಾರೂ ಇಲ್ಲ. ಮೊದಲು ತಮ್ಮ ಹೆಸರು ಎಷ್ಟನೆಯ ಸಾಲಿನಲ್ಲಿದೆ ಎಂದು ಬೆರಳಿಟ್ಟು ಎಣಿಸುತ್ತಾರೆ, ಆಮೇಲೆ ತಮ್ಮ ಮೇಲೆ ಯಾರಿದ್ದಾರೆ ಎಂದು ನೋಡುತ್ತಾರೆ, ಆಮೇಲೆ ಮದುವೆಗೆ ಹೋಗುವುದೋ ಬಿಡುವುದೋ ಎಂದು ತೀರ್ಮಾನಿಸುತ್ತಾರೆ. ಇದರಲ್ಲಿ ಜಾತಿ ಧರ್ಮದ ಭೇದವಿಲ್ಲ. ನಿಕಾಹ್ ಕಾರ್ಡಿನಲ್ಲಿ ಮಾಮುಗಳೂ ಚಾಚಾಗಳೂ ಇದೇ ಕಣ್ಣಿನಿಂದಲೇ ತಮ್ಮನ್ನು ಹುಡುಕಿಕೊಳ್ಳುತ್ತಾರೆ.

ಫಜಲುಲ್ಲಾರಿಗೆ ಈ ಸಾಲುಗಳೆಲ್ಲ ಗೊತ್ತು. ಯಾವ ಮನೆಯಲ್ಲಿ ಯಾರು ಯಾರ ಕೆಳಗೆ ಕೂರುವುದಿಲ್ಲ, ಯಾರ ಹೆಸರಿನ ಹಿಂದೆ 'ಶ್ರೀಮತಿ ಮತ್ತು' ಇಲ್ಲದಿದ್ದರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಎಲ್ಲವೂ ಅವರ ಕಂಪ್ಯೂಟರಿನಲ್ಲಿ ಮನೆತನಕ್ಕೊಂದು ಫೈಲಿನಂತೆ ಇತ್ತು. ಮೊದಲೆಲ್ಲ ದಪ್ಪ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು. ಕಂಪ್ಯೂಟರಿನಲ್ಲಿ ಇರುವಾಗ ಇದೇಕೆಂದು ಅದನ್ನು ಎಂದೋ ರದ್ದಿಗೆ ಹಾಕಿದ್ದರು. ಇಬ್ಬರು ಬೀಗರು ಬೆಂಚಿನ ಮೇಲೆ ವಾದಕ್ಕಿಳಿದರೆ ಸಾಬರು ಬಾಯಿಬಿಟ್ಟು ಯಾರ ಪರವಾಗಿಯೂ ಮಾತಾಡುತ್ತಿರಲಿಲ್ಲ. "ಕಂಪ್ಯೂಟರ್‌ನಾಗ ಐತೆ, ನೋಡ್ರಿ" ಎಂದು ಪರದೆಯನ್ನು ಅವರ ಕಡೆ ತಿರುಗಿಸುತ್ತಿದ್ದರು. ಜಗಳ ಅಲ್ಲಿಗೆ ಮುಗಿಯುತ್ತಿತ್ತು.

ಅವರದೊಂದು ಕಟ್ಟುನಿಟ್ಟು ಇತ್ತು. ಅಚ್ಚಿಗೆ ಹೋಗುವ ತನಕ ಪಟ್ಟಿಯ ಪ್ರತಿ ಯಾರ ಕೈಗೂ ಕೊಡುವಂತಿಲ್ಲ. ಕಾಗದದ ಮೇಲೂ ಇಲ್ಲ, ಫೋನಿಗೂ ಇಲ್ಲ. ಒಮ್ಮೆ ಯಾರೋ ಅರ್ಧ ಆದ ಕಾರ್ಡಿನ ಫೋಟೊ ಹೊಡೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ, ಅರ್ಧ ಗಂಟೆಯಲ್ಲಿ ನಿಶ್ಚಯವಾಗಿದ್ದ ಸಂಬಂಧ ಮುರಿದು ಬಿದ್ದಿತ್ತು. ಅಂದಿನಿಂದ ಅಂಗಡಿಗೆ ಬಂದವರು ಫೋನನ್ನು ಬೆಂಚಿನ ಮೇಲಿಟ್ಟು ಪರದೆಯ ಹತ್ತಿರ ಹೋಗಬೇಕು. ಕಣ್ಣಲ್ಲಿ ನೋಡಬಹುದು, ಬರೆದುಕೊಳ್ಳುವಂತಿಲ್ಲ. ಬ್ಯಾಂಕಿನ ಲಾಕರಿಗೂ ಇಷ್ಟು ಬಂದೋಬಸ್ತು ಇರಲಿಕ್ಕಿಲ್ಲ.

ಇಂಥ ಫಜಲುಲ್ಲಾರ ಬಳಿಗೆ ಈ ಸಲದ ಮದುವೆ ಕಾಲದಲ್ಲಿ ಆವರಗೆರೆಯ ಮಾರಣ್ಣ ಬಂದ. ಮಗಳು ಬಿಂದುವಿನ ಮದುವೆ. ಜೊತೆಯಲ್ಲಿ ಅವನ ತಾಯಿ ಉಚ್ಚೆಂಗೆಮ್ಮ ಇದ್ದರು. ಎಪ್ಪತ್ತೆಂಟು ವರ್ಷ, ಓದು ಬರಹ ಇಲ್ಲ, ಕಿವಿ ಮಾತ್ರ ಚುರುಕು. ಮಾರಣ್ಣ ಮಾದರಿಗಳನ್ನು ನೋಡುತ್ತಿದ್ದಾಗ ಮುದುಕಿ ಬೆಂಚಿನ ಮೇಲೆ ಕೂತು ನೇರ ವಿಷಯಕ್ಕೆ ಬಂದರು.

"ಸಾಬ್ರೆ, ಕಾರ್ಡು ಹೆಂಗಾರ ಇರ್ಲಿ. ನನ್ನ ದೊಡ್ಡ ಮಗಳು ಸುಧಾ ಮದುವಿಗೆ ಬರ್ಬೇಕು. ಹನ್ನೆರಡು ವರ್ಷ ಆತು ಆಕಿ ನಮ್ಮ ಮನಿ ಹೊಸಲು ತುಳ್ದು."

ಆದದ್ದು ಇಷ್ಟೆ. ಹನ್ನೆರಡು ವರ್ಷದ ಹಿಂದೆ ಮಾರಣ್ಣನ ದೊಡ್ಡ ಮಗನ ಮದುವೆಗೆ ಬೇರೆ ಎಲ್ಲೋ ಕಾರ್ಡು ಮಾಡಿಸಿದ್ದರು. ಅದರಲ್ಲಿ ಉಚ್ಚೆಂಗೆಮ್ಮನವರ ಕಿರಿಯ ಅಳಿಯನ ಹೆಸರು, ಅವನು ಸರ್ಕಾರಿ ಅಧಿಕಾರಿ ಎಂಬ ಕಾರಣಕ್ಕೆ, ಹಿರಿಯ ಅಳಿಯ, ಅಂದರೆ ಸುಧಾಳ ಗಂಡ ನಾಗಭೂಷಣ್ ಹೆಸರಿನ ಮೇಲೆ ಬಂದಿತ್ತು. ಹರಿಹರದ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ನಾಗಭೂಷಣ್ ಕಾರ್ಡನ್ನು ಒಮ್ಮೆ ಓದಿ, ನಾಲ್ಕು ಮಡಿಕೆ ಮಡಿಸಿ ಜೇಬಿಗಿಟ್ಟುಕೊಂಡಿದ್ದರು. ಮದುವೆಗೆ ಬರಲಿಲ್ಲ, ಹೆಂಡತಿಯನ್ನೂ ಕಳಿಸಲಿಲ್ಲ. ಆಮೇಲೆ ಹಬ್ಬಕ್ಕೂ ಇಲ್ಲ, ಸಾವಿಗೂ ಇಲ್ಲ. ಹರಿಹರಕ್ಕೂ ಆವರಗೆರೆಗೂ ಬಸ್ಸಿನಲ್ಲಿ ಒಂದು ಗಂಟೆಯೂ ಇಲ್ಲ. ಆದರೂ ತಾಯಿ ಮಗಳು ಒಬ್ಬರನ್ನೊಬ್ಬರು ನೋಡುತ್ತಿದ್ದದ್ದು ವರ್ಷಕ್ಕೊಮ್ಮೆ ಉಕ್ಕಡಗಾತ್ರಿಯ ಗುಡಿಯಲ್ಲಿ, ಅದೂ ಅಕಸ್ಮಾತ್ ಸಿಕ್ಕವರಂತೆ.

ಫಜಲುಲ್ಲಾರಿಗೆ ಇದು ಕೈಗೆ ಬಂದ ದೊಡ್ಡ ಕೇಸು. ಅವರೇ ಹರಿಹರಕ್ಕೆ ಫೋನ್ ಮಾಡಿದರು. ತಮ್ಮ ಅಂಗಡಿ ಎರಡೂ ಕಡೆಯವರದ್ದಲ್ಲ, ಇಲ್ಲಿ ಬಂದು ಕೂರುವುದರಿಂದ ಯಾರ ಮರ್ಯಾದೆಗೂ ಕುಂದಿಲ್ಲ ಎಂದು ಒಪ್ಪಿಸಿದರು. ಮೂರು ಮಧ್ಯಾಹ್ನ ಮಾರಣ್ಣ ಬೆಂಚಿನ ಈ ತುದಿಗೆ, ನಾಗಭೂಷಣ್ ಆ ತುದಿಗೆ, ನಡುವೆ ಮಂಡಕ್ಕಿ ಮೆಣಸಿನಕಾಯಿ. ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ, ಇಬ್ಬರೂ ಸಾಬರಿಗೆ ಹೇಳುತ್ತಿದ್ದರು, ಸಾಬರು ಟೈಪ್ ಮಾಡುತ್ತಿದ್ದರು. ಬುಧವಾರ ಸಾಯಂಕಾಲದ ಹೊತ್ತಿಗೆ ನಲವತ್ಮೂರು ಹೆಸರುಗಳು ನೆಲೆಗೆ ನಿಂತವು. ಹಿರಿಯ ಅಳಿಯ ನಾಲ್ಕನೆಯ ಸಾಲು, ಕಿರಿಯ ಅಳಿಯ ಐದನೆಯ ಸಾಲು. ಆದರೆ ಕಿರಿಯವನ ಹುದ್ದೆಯನ್ನು ಅವನ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಹಾಕುವುದು. ಇಬ್ಬರೂ ಪರದೆ ನೋಡಿ ಹ್ಞೂಂ ಅಂದರು. ಆ ಹ್ಞೂಂಕಾರಕ್ಕೆ ಸಾಬರು ಮೂರು ದಿನ ಬೇರೆ ಕೆಲಸ ಮುಟ್ಟಿರಲಿಲ್ಲ.

ಆಗಲೇ ಅಚ್ಚಿಗೆ ಹಾಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮರುದಿನ ಅಮಾವಾಸ್ಯೆ. "ಅಮಾಸಿ ಕಳೀಲಿ. ಶುಕ್ರವಾರ ಮಧ್ಯಾಹ್ನ ಬಂದು ಇನ್ನೊಂದ್ಸಲ ನೋಡಿ ಪ್ರಿಂಟ್ ಹಾಕ್ಸೋಣ" ಎಂದ ಮಾರಣ್ಣ. ಸಾಬರೂ ಆಗಲಿ ಎಂದರು.

ಶುಕ್ರವಾರ ಬೆಳಗ್ಗೆ ಕಂಪ್ಯೂಟರು ಹಾಕಿದರೆ ಕಾರ್ಡು ಮಾಡುವ ಸಾಫ್ಟ್‌ವೇರು ತೆರೆಯಲಿಲ್ಲ. ಇದು ಅಸಲಿಯಲ್ಲ, ಪರವಾನಗಿ ಕೊಂಡುಕೊಳ್ಳಿ ಎಂದು ಒಂದು ಚೌಕ ಬಂದು ನಿಂತಿತು. ಅದು ಅಸಲಿಯಲ್ಲ ಎಂಬುದು ಸಾಬರಿಗೂ ಗೊತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವರು ಸಾಫ್ಟ್‌ವೇರಿಗೆ ಒಂದು ರೂಪಾಯಿ ಕೊಟ್ಟವರಲ್ಲ. ಹಾಗಂತ ಅವರನ್ನು ಕಳ್ಳರೆನ್ನುವ ಹಾಗಿಲ್ಲ. ಗಿರಾಕಿ ಮರೆತು ಹೋದ ಕೊಡೆಯನ್ನು ಮೂರು ವರ್ಷ ಕಾದಿಟ್ಟು ಹಿಂದಿರುಗಿಸಿದ ಮನುಷ್ಯ ಅವರು. ಕಣ್ಣಿಗೆ ಕಾಣದ, ಕೈಗೆ ಸಿಗದ, ತಕ್ಕಡಿಯಲ್ಲಿ ತೂಗಲಾಗದ ವಸ್ತುವಿಗೆ ವರ್ಷಾ ವರ್ಷಾ ಬಾಡಿಗೆ ಕೊಡಬೇಕೆಂಬುದು ಮಾತ್ರ ಅವರ ಈಮಾನಿನ ವ್ಯಾಪ್ತಿಗೆ ಬಂದಿರಲಿಲ್ಲ. ಊರಲ್ಲಿ ಬಹಳ ಜನರ ಈಮಾನು ಅಲ್ಲಿಗೇ ನಿಲ್ಲುತ್ತದೆ.

ಅವರು ಅಶ್ವಥ್‌ಗೆ ಫೋನ್ ಮಾಡಿದರು. ಅಶ್ವಥ್ ಕಂಪ್ಯೂಟರ್ ರಿಪೇರಿ ಮಾಡುವವನು, ನಲವತ್ತು ದಾಟಿದವನು, ಸ್ಕೂಟರಿನ ಡಿಕ್ಕಿಯಲ್ಲಿ ಒಂದು ಸ್ಕ್ರೂಡ್ರೈವರು ಮತ್ತು ಒಂದು ಪೆನ್‌ಡ್ರೈವು ಇಟ್ಟುಕೊಂಡು ಅರ್ಧ ದಾವಣಗೆರೆಯನ್ನು ಓಡಿಸುತ್ತಿರುವವನು. ಆ ಪೆನ್‌ಡ್ರೈವಿನಲ್ಲಿ ಎಲ್ಲ ಸಾಫ್ಟ್‌ವೇರುಗಳ ಬೀಗ ತೆಗೆಯುವ ಆಕ್ಟಿವೇಟರುಗಳಿದ್ದವು. ಆಕ್ಟಿವೇಟರು ಎಂದರೆ ಕೊಂಡುಕೊಳ್ಳದ ಸಾಫ್ಟ್‌ವೇರಿಗೆ ತಾನು ಕೊಂಡದ್ದೇ ಎಂದು ನಂಬಿಸುವ ಸಣ್ಣ ಪ್ರೋಗ್ರಾಮು. ಅದನ್ನು ಯಾರು ಬರೆದರು, ಏಕೆ ಪುಕ್ಕಟೆ ಹಂಚುತ್ತಾರೆ, ಅವರ ಹೊಟ್ಟೆಪಾಡು ಹೇಗೆ ನಡೆಯುತ್ತದೆ ಎಂದು ಊರಲ್ಲಿ ಯಾರೂ ಕೇಳಿರಲಿಲ್ಲ. ಮಾರುಕಟ್ಟೆಯಲ್ಲಿ ಒಂದು ಟೊಮೆಟೊ ಹೆಚ್ಚಿಗೆ ಹಾಕಿದರೆ ಅನುಮಾನದಿಂದ ತಿರುಗಿಸಿ ನೋಡುವ ಜನ ಇವರು.

"ಹಳೇದು ನಡಿಯಲ್ರಿ ಸಾಬ್ರೆ, ಅಪ್‌ಡೇಟ್ ಬಂದೈತೆ," ಎಂದ ಅಶ್ವಥ್. "ನಾನು ಹರಿಹರದಾಗ ಅದೀನಿ. ಹೊಸದ್ರ ಲಿಂಕ್ ನಮ್ಮ ಗ್ರೂಪಿನಾಗ ಯಾರೋ ಹಾಕ್ಯಾರ, ನಿಮಗ ಕಳಿಸ್ತೀನಿ. ನೀವಾ ಹಾಕ್ಕಳ್ರಿ, ಏನೂ ದೊಡ್ಡ ವಿದ್ಯೆ ಅಲ್ಲ."

"ಏನೂ ಆಗಲ್ಲ ಹೌದಲ್ಲೋ?"

"ಊರಾಗ ಯಾರು ರೊಕ್ಕ ಕೊಟ್ಟು ತಗಂಡಾರ್ರಿ? ಯಾರಿಗಾರ ಏನಾರ ಆಗೇತಾ?"

ಲಿಂಕು ಬಂತು. ಅದರ ಜೊತೆ ಮೂರು ಸೂಚನೆಗಳೂ ಬಂದವು. ಮೊದಲನೆಯದು, ಆ್ಯಂಟಿವೈರಸ್ ಬಂದ್ ಮಾಡಿ. ಎರಡನೆಯದು, ಕೆಂಪು ಎಚ್ಚರಿಕೆ ಬಂದರೆ ಹೆದರಬೇಡಿ, ಅದು ಸುಳ್ಳು. ಮೂರನೆಯದು, ಏನು ಕೇಳಿದರೂ ಯೆಸ್ ಒತ್ತಿ. ಮನೆಗೆ ಬಂದ ಅಪರಿಚಿತನೊಬ್ಬ ನಾಯಿ ಕಟ್ಟಿಹಾಕಿ, ಬಾಗಿಲು ತೆರೆದಿಡಿ, ಯಾರಾದರೂ ಕೂಗಿದರೆ ಕಿವಿ ಮುಚ್ಚಿಕೊಳ್ಳಿ ಎಂದಿದ್ದರೆ ಸಾಬರು ಅವನ ಕೊರಳಪಟ್ಟಿ ಹಿಡಿಯುತ್ತಿದ್ದರು. ಇದು ಇಂಗ್ಲಿಷಿನಲ್ಲಿ ಇತ್ತು, ನಂಬರ್ ಹಾಕಿತ್ತು, ಅಚ್ಚುಕಟ್ಟಾಗಿತ್ತು. ಕಾರ್ಡಿನ ಒಂದೊಂದು ಅಕ್ಷರವನ್ನು ಮೂರು ಸಲ ಓದುವ ಮನುಷ್ಯ ಇದನ್ನು ಒಮ್ಮೆಯೂ ಸರಿಯಾಗಿ ಓದದೆ, ಮಗಳು ನುಜತ್ ಹಠ ಹಿಡಿದು ಹಾಕಿಸಿದ್ದ ಆ್ಯಂಟಿವೈರಸ್ಸನ್ನು ಬಂದ್ ಮಾಡಿದರು. ನಾಲ್ಕು ಸಲ ಯೆಸ್ ಒತ್ತಿದರು. ಕೆಂಪು ಎಚ್ಚರಿಕೆ ಬಂತು. ಸೂಚನೆಯಲ್ಲಿ ಹೇಳಿದ ಹಾಗೇ ಬಂತಲ್ಲ ಎಂದು ಅವರಿಗೆ ನಂಬಿಕೆ ಇನ್ನೂ ಗಟ್ಟಿಯಾಯಿತು.

ಸಾಫ್ಟ್‌ವೇರು ತೆರೆಯಿತು. ಹಸಿರು ಗುರುತು, ಅಭಿನಂದನೆ ಎಂಬ ಪದ. ಬಿಂದುವಿನ ಕಾರ್ಡು, ನಲವತ್ಮೂರು ಹೆಸರು, ಎಲ್ಲ ಕಣ್ಣ ಮುಂದೆ ಇದ್ದವು. ಗಂಟೆ ಹನ್ನೆರಡೂವರೆ ದಾಟಿತ್ತು. ಸಾಬರು ಕಂಪ್ಯೂಟರು ಆರಿಸದೆ, ಅಂಗಡಿಗೆ ಎರಡು ಬೀಗ ಜಡಿದು, ಜಗ್ಗಿ ನೋಡಿ, ಜುಮಾ ನಮಾಜಿಗೆ ಹೋದರು.

ಹಿಂದಿರುಗಿ ಬಂದಾಗ ಬೀಗಗಳು ಹಾಗೇ ಇದ್ದವು. ಪರದೆಯ ಮೇಲೆ ಮಾತ್ರ ಕಪ್ಪು ಹಿನ್ನೆಲೆಯಲ್ಲಿ ಇಂಗ್ಲಿಷ್ ಅಕ್ಷರಗಳು. ಒಂದೊಂದು ಫೈಲಿನ ಹೆಸರಿಗೂ ಅರ್ಥವಿಲ್ಲದ ಒಂದು ಬಾಲ ಅಂಟಿಕೊಂಡಿತ್ತು, ಯಾವುದೂ ತೆರೆಯುತ್ತಿರಲಿಲ್ಲ. ಬ್ಯಾಕಪ್ ಎಂದು ಬೇರೆ ಫೋಲ್ಡರು ಮಾಡಿಟ್ಟಿದ್ದರು, ಅದೇ ಕಂಪ್ಯೂಟರಿನಲ್ಲಿ. ಅದಕ್ಕೂ ಬಾಲ ಬಂದಿತ್ತು. ಬ್ಯಾಕಪ್ಪಿಗೂ ಬ್ಯಾಕಪ್ ಇರಲೆಂದು ಒಂದು ಪೆನ್‌ಡ್ರೈವಿಗೆ ಹಾಕಿದ್ದರು. ಅದನ್ನು ಕಳೆದುಹೋಗಬಾರದೆಂದು ಎರಡು ವರ್ಷದಿಂದ ಕಂಪ್ಯೂಟರಿಗೇ ಚುಚ್ಚಿಟ್ಟಿದ್ದರು.

ಕಾಲೇಜಿನಲ್ಲಿ ಬಿ.ಸಿ.ಎ. ಓದುತ್ತಿದ್ದ ನುಜತ್ ಓಡಿ ಬಂದಳು. ಪರದೆ ಓದಿ ಮೊದಲು ನೆಟ್ಟಿನ ವೈರು ಕಿತ್ತಳು, ಆಮೇಲೆ ಅಪ್ಪನ ಮುಖ ನೋಡಿದಳು.

"ಆ್ಯಂಟಿವೈರಸ್ ಯಾರು ಆಫ್ ಮಾಡಿದ್ರು ಅಬ್ಬಾ?"

"ಅದಾ ಮಾಡು ಅಂತಿತ್ತು ಬೇಟಾ."

"ಯಾರು ಅಂತಿದ್ರು?"

ಯಾರು ಎಂಬುದು ಸಾಬರಿಗೂ ಗೊತ್ತಿರಲಿಲ್ಲ.

ಆಕ್ಟಿವೇಟರಿನ ವೇಷದಲ್ಲಿ ಒಳಗೆ ಬಂದು ಫೈಲುಗಳಿಗೆ ಬೀಗ ಜಡಿದ ಕಳ್ಳರು ಅವನ್ನು ಬಿಡಿಸಿಕೊಡಲು ಡಾಲರು ಲೆಕ್ಕದಲ್ಲಿ ಹಣ ಕೇಳಿದ್ದರು. ಅಸಲಿ ಸಾಫ್ಟ್‌ವೇರಿನ ಬೆಲೆಯ ಹತ್ತು ಪಟ್ಟಿಗೂ ಹೆಚ್ಚು. ಸಂಪರ್ಕಕ್ಕೆ ಇಮೇಲು ಕೊಟ್ಟಿದ್ದರು. ಸಾಬರು ಮಂಡಿಪೇಟೆಯಲ್ಲಿ ಬಟ್ಟೆ ಚೌಕಾಶಿ ಮಾಡುವ ಹಾಗೆ, ಮದುವೆ ಸೀಸನ್ನು, ಬಡವ, ನಾಲ್ಕನೇ ಒಂದು ಪಾಲು ತಗೊಳ್ಳಿ ಎಂದು ಬರೆಸಲು ಹೊರಟರು. ನುಜತ್ ಬೇಡವೆಂದಳು, ಕೊಟ್ಟರೂ ಬಿಡಿಸುತ್ತಾರೆಂಬ ಭರವಸೆ ಇಲ್ಲವೆಂದಳು, ಆದರೂ ಅಪ್ಪನ ಸಂಕಟ ನೋಡಲಾರದೆ ತನ್ನ ಫೋನಿನಲ್ಲಿ ಬರೆದಳು. ಹತ್ತು ನಿಮಿಷದಲ್ಲಿ ಉತ್ತರ ಬಂತು. ಮಾನ್ಯ ಗ್ರಾಹಕರೇ, ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ, ಮೂರು ದಿನದೊಳಗಾದರೆ ರಿಯಾಯಿತಿ ಉಂಟು, ನಂಬಿಕೆಗಾಗಿ ಒಂದು ಫೈಲನ್ನು ಪುಕ್ಕಟೆ ಬಿಡಿಸಿಕೊಡುತ್ತೇವೆ. ಕರೆಂಟ್ ಬಿಲ್ಲಿನ ದೂರಿಗೆ ಇಷ್ಟು ಮರ್ಯಾದೆಯ ಉತ್ತರ ಸಾಬರು ಜನ್ಮದಲ್ಲಿ ಕಂಡಿರಲಿಲ್ಲ.

ಅವರ ಎದೆ ಹಗುರಾಯಿತು. ಬೇಕಾದದ್ದು ಒಂದೇ ಫೈಲು. ಬಿಂದುವಿನ ಕಾರ್ಡನ್ನು ಕಳಿಸಿದರು. ಈ ಫೈಲು ಈಚಿನದು, ನಿಮಗೆ ಬೆಲೆಯುಳ್ಳದ್ದೆಂದು ಕಾಣುತ್ತದೆ, ಬೇರೆ ಯಾವುದಾದರೂ ಹಳೆಯದನ್ನು ಕಳಿಸಿ ಎಂದು ಮತ್ತೆ ಅಷ್ಟೇ ಮರ್ಯಾದೆಯಿಂದ ಉತ್ತರ ಬಂತು. ಹುಡುಕಿ ಹುಡುಕಿ ಆರು ವರ್ಷದ ಹಿಂದಿನದೊಂದನ್ನು ಕಳಿಸಿದರು. ಅದು ಬಿಡಿಸಿಕೊಂಡು ಬಂತು. 'ಇಲ್ಲಿ ಗಾಡಿ ನಿಲ್ಲಿಸಬೇಡಿ, ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು' ಎಂದು ಪಕ್ಕದ ಅಂಗಡಿಗೆ ಮಾಡಿಕೊಟ್ಟ ನೋಟೀಸು. ಇಪ್ಪತ್ತೆರಡು ವರ್ಷದ ದುಡಿಮೆಯಲ್ಲಿ ಸಾಬರ ಕೈಗೆ ಮರಳಿ ದಕ್ಕಿದ್ದು ಅದೊಂದೇ.

ಸಾಯಂಕಾಲ ಅಶ್ವಥ್ ಬಂದ. ತನ್ನ ಲ್ಯಾಪ್‌ಟಾಪು ತೆರೆದು ಏನೇನೋ ಹುಡುಕಿದ, ತುಟಿ ಕಚ್ಚಿದ, ಆಗಲ್ಲ ಎಂದ. ನುಜತ್ ಅವನ ಲ್ಯಾಪ್‌ಟಾಪಿನ ಪರದೆಯನ್ನೇ ನೋಡುತ್ತಿದ್ದಳು. ಅಲ್ಲಿ ಎಲ್ಲಕ್ಕೂ ಅಸಲಿ ಪರವಾನಗಿ ಇತ್ತು, ಅವಧಿ ಮುಗಿಯುವ ತಾರೀಖು ಸಮೇತ.

"ಅಣ್ಣ, ನೀವು ಆಕ್ಟಿವೇಟರ್ ಹಾಕಿಲ್ವಾ?"

"ಇದು ನನ್ನ ದಂಧೆ ಮಷಿನ್ನಮ್ಮ," ಎಂದ ಅಶ್ವಥ್, ಅದರಲ್ಲಿ ಮುಚ್ಚುಮರೆ ಏನಿದೆ ಎನ್ನುವಂತೆ. "ಇದ್ರಾಗ ರಿಸ್ಕ್ ತಗಳಾಕ ಬರಲ್ಲ."

ಫಜಲುಲ್ಲಾರಿಗೆ ಅಂದು ನಿಜವಾದ ಸಿಟ್ಟು ಬಂದದ್ದು ಆ ಒಂದು ಗಳಿಗೆಯಲ್ಲಿ. ಬೈಯಲು ಬಾಯಿ ತೆರೆದರು. ಯೆಸ್ ಒತ್ತಿದ ಬೆರಳು ತಮ್ಮದೇ ಎಂಬುದು ನೆನಪಾಗಿ ಮುಚ್ಚಿಕೊಂಡರು. ಪೊಲೀಸರಿಗೆ ದೂರು ಕೊಡೋಣವೆಂದಳು ನುಜತ್. ಕದ್ದ ಸಾಮಾನು ಬಳಸುತ್ತಿದ್ದಾಗ ಕಳುವಾಯಿತು ಎಂದು ಯಾವ ಮುಖ ಹೊತ್ತು ಬರೆಸುವುದು ಎಂದು ಸಾಬರು ಕೂತೇಬಿಟ್ಟರು. ಹೋಗುವಾಗ ಅಶ್ವಥ್ ಒಂದು ಬುದ್ಧಿ ಹೇಳಿದ. "ವೋಲ್ಟೇಜ್ ಹೆಚ್ಚಾಗಿ ಸುಟ್ಟೋತು ಅನ್ರಿ. ನಮ್ಮೂರಾಗ ಯಾರೂ ಎರಡನೇ ಮಾತಾಡಲ್ಲ."

ಇವತ್ತು ಬರಬೇಡಿ ಎಂದು ಫೋನಿನಲ್ಲೇ ತಡೆದಿದ್ದ ಮಾರಣ್ಣನ ಮನೆಗೆ ಮರುದಿನ ಬೆಳಿಗ್ಗೆ ಹೋಗಿ ಹಾಗೇ ಹೇಳಿದರು. ಮಾರಣ್ಣ ಎರಡನೇ ಮಾತಾಡಲಿಲ್ಲ. ತನ್ನ ಮನೆಯ ಫ್ರಿಜ್ಜು ಹೋದ ಕಥೆ ಹೇಳಿ ಸಮಾಧಾನ ಮಾಡಿದ, ಒಂದು ಲೋಟ ಮಜ್ಜಿಗೆ ಕೊಡಿಸಿದ, ಉಕ್ಕಡಗಾತ್ರಿಗೆ ಹೋಗಿ ಕಂಪ್ಯೂಟರಿಗೆ ಒಂದು ದಾರ ಕಟ್ಟಿಸಿಕೊಂಡು ಬರ್ರಿ ಎಂದ. ಸಾಬರು ಮಜ್ಜಿಗೆಯ ಲೋಟವನ್ನು ತುಂಬಿದ್ದ ಹಾಗೇ ಕೆಳಗಿಟ್ಟರು. "ಹೋಗ್ಲಿ ಬಿಡ್ರಿ, ಪಟ್ಟಿ ನನಗ ಬಾಯಿಪಾಠ ಐತೆ," ಎಂದ ಮಾರಣ್ಣ. "ನಾಗಭೂಷಣ್ ಮಾವ, ಚಿಕ್ಕ ಮಾವ, ಇಬ್ರೂ ಒಂದಾ ಸಾಲಿನಾಗ, ಅಕ್ಕಪಕ್ಕ. ಹಂಗಾ ಅಲ್ವಾ ಮಾತಾಗಿದ್ದು?"

ಹಾಗೆ ಮಾತಾಗಿರಲಿಲ್ಲ. ಸಾಬರು ಹೇಳಿದರು. ಮಾರಣ್ಣನ ಹುಬ್ಬು ಸ್ವಲ್ಪ ಮೇಲೆ ಹೋಯಿತು. ಹರಿಹರಕ್ಕೆ ಹೋಗಿ ಎದುರಾಬದುರು ಕೇಳಿಯೇ ಬಿಡೋಣ ಎಂದ. ಉಚ್ಚೆಂಗೆಮ್ಮ ಒಳಗಿನಿಂದ ಸೆರಗು ಸರಿಮಾಡಿಕೊಳ್ಳುತ್ತ ಬಂದು, ತಾವೂ ಬರುವುದಾಗಿ ಹೇಳಿ, ಯಾರ ಉತ್ತರಕ್ಕೂ ಕಾಯದೆ ಆಟೊದಲ್ಲಿ ಹೋಗಿ ಕೂತರು.

ಹರಿಹರದ ಮನೆಯಲ್ಲಿ ಬಾಗಿಲು ತೆಗೆದವಳು ಸುಧಾ. ತಾಯಿಯನ್ನು ನೋಡಿದ ಕೂಡಲೇ ನೀರು ತರಲು ಒಳಗೆ ಹೋದಳು. ನೀರು ಬರಲು ಬಹಳ ಹೊತ್ತು ಹಿಡಿಯಿತು. ನಾಗಭೂಷಣ್ ಎಲ್ಲರನ್ನೂ ಕೂಡ್ರಿ ಎಂದರು. ಫಜಲುಲ್ಲಾ ವೋಲ್ಟೇಜಿನ ಕಥೆ ಶುರುಮಾಡಿದರು. ಮೂವತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವರ ಮುಂದೆ ಆ ಕಥೆ ಹೇಳಬಾರದೆಂದು ಅಶ್ವಥ್‌ಗೂ ಹೊಳೆದಿರಲಿಲ್ಲ, ಇವರಿಗೂ ಹೊಳೆದಿರಲಿಲ್ಲ.

"ಯು.ಪಿ.ಎಸ್. ಇರ್ಲಿಲ್ವಾ?"

"ಇತ್ತು."

"ಅದು ಸುಟ್ತಾ?"

"ಇಲ್ಲ."

"ಮಾನಿಟರ್ ಸುಟ್ತಾ?"

"ಇಲ್ಲ."

"ಪ್ರಿಂಟರ್?"

ಸಾಬರು ತಲೆ ತಗ್ಗಿಸಿದರು. ನಾಗಭೂಷಣ್ ಹೆಂಡತಿ ತಂದ ನೀರಿನ ಲೋಟವನ್ನು ಅವರ ಕೈಗೆ ಕೊಟ್ಟು, "ಕುಡೀರಿ ಸಾಬ್ರೆ, ಕುಡ್ದು ನಿಜ ಹೇಳ್ರಿ" ಎಂದರು.

ಹೇಳಿದರು. ಆಕ್ಟಿವೇಟರು, ಲಿಂಕು, ತಾವೇ ಒತ್ತಿದ ನಾಲ್ಕು ಯೆಸ್ಸು, ಒಂದನ್ನೂ ಬಿಡದೆ ಹೇಳಿದರು. ಹೇಳಿ ಮುಗಿದ ಮೇಲೆ ಎದೆಯ ಮೇಲಿನ ಭಾರ ಇಳಿಯುತ್ತದೆ ಎನ್ನುತ್ತಾರಲ್ಲ, ಅದು ಸುಳ್ಳು. ಭಾರ ಹೆಚ್ಚಾಯಿತು. ಬಾಯಿ ಒಣಗಿದ್ದರೂ ಇನ್ನೊಂದು ಲೋಟ ನೀರು ಕೇಳಲು ಅವರಿಗೆ ನಾಚಿಕೆಯಾಯಿತು.

"ಪಟ್ಟಿ ಹೋದ್ರೆ ಹೋಗ್ಲಿ, ನನಗ ನೆನಪೈತೆ," ಎಂದರು ನಾಗಭೂಷಣ್. "ನಂದು ಮೂರನೇ ಸಾಲು. ಅವ್ನ ಹುದ್ದೆ ಹಾಕೋದಿಲ್ಲ ಅಂತ ಆಗಿತ್ತು."

"ಯಾವಾಗ ಆಗಿತ್ತು ಮಾವ? ಒಂದಾ ಸಾಲು, ಅಕ್ಕಪಕ್ಕ ಅಂತ ಆಗಿತ್ತು," ಎಂದ ಮಾರಣ್ಣ.

"ಸಾಬ್ರು ಹೇಳ್ಲಿ."

ಫಜಲುಲ್ಲಾ ಹೇಳಿದರು. ನಾಲ್ಕನೆಯ ಸಾಲು, ಐದನೆಯ ಸಾಲು, ಕೆಳಗೆ ಸಣ್ಣಕ್ಷರದಲ್ಲಿ ಹುದ್ದೆ. ಇಬ್ಬರ ಮುಖವೂ ಒಟ್ಟಿಗೇ ಅವರ ಕಡೆ ತಿರುಗಿತು.

"ಅದ್ಕ ಏನು ಗುರುತು?" ಎಂದ ಮಾರಣ್ಣ. "ತೋರ್ಸ್ರಿ ಮತ್ತೆ."

ತೋರಿಸಲು ಏನೂ ಇರಲಿಲ್ಲ. ಇಷ್ಟು ವರ್ಷ ಬಾಯಿಮಾತು ಬೇಡ, ಕಂಪ್ಯೂಟರು ನೋಡಿ ಎಂದು ಜನಕ್ಕೆ ಕಲಿಸಿದವರು ಅವರೇ. ಜನ ಚೆನ್ನಾಗಿ ಕಲಿತಿದ್ದರು.

"ಇವ್ರು ಬೆಳಿಗ್ಗೆ ನನಗಾ ವೋಲ್ಟೇಜ್ ಅಂತ ಹೇಳಿದ್ರು ಮಾವ," ಎಂದ ಮಾರಣ್ಣ.

"ನನಗೂ ಹೇಳಾಕ ನೋಡಿದ್ರು. ಕದ್ದ ಕೀಲಿ ಇಟ್ಕಂಡೋರ ಮಾತು ಎಷ್ಟು ನಂಬೋದು."

"ನಾನೂ ಅದಾ ಅಂತೀನಿ."

ಹನ್ನೆರಡು ವರ್ಷದಲ್ಲಿ ಈ ಇಬ್ಬರು ಒಬ್ಬರಿಗೊಬ್ಬರು ಜಗಳವಿಲ್ಲದೆ ಆಡಿದ ಮೊದಲ ಮಾತುಗಳು ಇವು. ಇಬ್ಬರ ದನಿಯೂ ಒಂದೇ ಹದಕ್ಕೆ ಬಂದದ್ದನ್ನು ಮೊದಲು ಗುರುತಿಸಿದವರು ಉಚ್ಚೆಂಗೆಮ್ಮ. ಅಲ್ಲಿಯ ತನಕ ಮಗಳ ಕೈ ಹಿಡಿದು ಸುಮ್ಮನೆ ಕೂತಿದ್ದ ಮುದುಕಿ ಈಗ ಕೆಮ್ಮಿದರು.

"ಬದುಕಿರೋರ ಹೆಸರು ಒಂದೂ ಬ್ಯಾಡ," ಎಂದರು.

ಯಾರಿಗೂ ತಿಳಿಯಲಿಲ್ಲ.

"ಸತ್ತೋರ ಹೆಸರಷ್ಟಾ ಹಾಕ್ರಿ. ನಿಮ್ಮಪ್ಪ, ಇವ್ರಪ್ಪ, ಸಣ್ಣಳಿಯನ ಅಪ್ಪ. ಯಾರು ಮೊದ್ಲು ಹೋದ್ರೋ ಅವ್ರು ಮೊದ್ಲು. ಸಾಯೋದ್ರಾಗ ಯಾರೂ ಸುಳ್ಳು ಹೇಳಾಕ ಆಗಲ್ಲ. ಅವ್ರೆಲ್ಲಾ ಆಶೀರ್ವಾದ ಮಾಡ್ತಾರ, ನೀವೆಲ್ಲಾ ಉಣ್ಣಾಕ ಬರ್ರಿ."

ಮಾರಣ್ಣ, ನಾಗಭೂಷಣ್ ಇಬ್ಬರೂ ಮನಸ್ಸಿನಲ್ಲಿ ಇಸವಿ ಹುಡುಕತೊಡಗಿದರು. ನಾಗಭೂಷಣರ ತಂದೆ ಮಾರಣ್ಣನ ತಂದೆಗಿಂತ ಐದು ವರ್ಷ ಮೊದಲು ತೀರಿಕೊಂಡವರು. ನಾಗಭೂಷಣರ ಮುಖ ಅರಳಿತು. ತನ್ನ ಅಪ್ಪ ಅಷ್ಟು ವರ್ಷ ಗಟ್ಟಿಮುಟ್ಟಾಗಿ ಬದುಕಿದ್ದಕ್ಕೆ ಮಾರಣ್ಣನಿಗೆ ಮೊದಲ ಬಾರಿಗೆ ಬೇಸರವಾಯಿತು, ಆದರೆ ಅದನ್ನು ತಾಯಿಯ ಮುಂದೆ ಹೇಳುವಂತಿರಲಿಲ್ಲ. ಇಬ್ಬರೂ ಹ್ಞೂಂ ಅಂದರು.

ಕಾರ್ಡು ಒಂದು ವಾರದಲ್ಲಿ ಬಂತು. ಅದನ್ನು ಫಜಲುಲ್ಲಾರ ಅಂಗಡಿಗೆ ತಂದುಕೊಟ್ಟವರು ಮಾರಣ್ಣ ಮತ್ತು ನಾಗಭೂಷಣ್, ಇಬ್ಬರೂ ಒಂದೇ ಸ್ಕೂಟರಿನಲ್ಲಿ ಬಂದು. "ತಪ್ಪು ತಿಳ್ಕಬ್ಯಾಡ್ರಿ ಸಾಬ್ರೆ, ಬೇರೆ ಕಡೆ ಮಾಡ್ಸಿದ್ವಿ," ಎಂದರು ನಾಗಭೂಷಣ್. "ನಿಮ್ಮ ಮಷಿನ್ ಅಂದ್ರೆ ಈಗ ಸ್ವಲ್ಪ ಭಯ." ಮಾರಣ್ಣ ನಕ್ಕ. ಸ್ಕೂಟರು ಹೊರಟ ಮೇಲೂ ಇಬ್ಬರ ನಗು ತಿರುವಿನ ತನಕ ಕೇಳುತ್ತಿತ್ತು. ಫಜಲುಲ್ಲಾ ಕಾರ್ಡನ್ನು ತಿರುಗಿಸಿ, ಹಿಂದೆ ಕೆಳತುದಿಯಲ್ಲಿ ಮುದ್ರಕರ ಹೆಸರು ಇರುವ ಜಾಗ ನೋಡಿದರು. ಬೇರೆಯವರ ಹೆಸರಿತ್ತು. ಅದು ಅವರಿಗೆ ಬಹಳ ನೋವು ಮಾಡಿತು.

ಆ ಹೊತ್ತಿಗಾಗಲೇ ಅವರು ಅಸಲಿ ಸಾಫ್ಟ್‌ವೇರಿಗೆ ದುಡ್ಡು ಕಟ್ಟಿದ್ದರು. ನುಜತ್ ಕಂಪ್ಯೂಟರನ್ನು ಪೂರ್ತಿ ಒರೆಸಿ ಹೊಸದಾಗಿ ಎಲ್ಲ ಹಾಕಿದ್ದಳು, ಬ್ಯಾಕಪ್ ಡಿಸ್ಕನ್ನು ಕೆಲಸ ಮುಗಿದ ಕೂಡಲೇ ಕಿತ್ತು ಮನೆಗೆ ಒಯ್ಯುತ್ತಿದ್ದಳು. ಬಂದ ಮನೆತನದವರಿಗೆಲ್ಲ ಸಾಬರು ನಿಮ್ಮ ಫೈಲ್ ಹೋಗಿದೆ, ತಪ್ಪು ನನ್ನದೇ ಎಂದು ಹೇಳುತ್ತಿದ್ದರು. ಕೆಲವರು ಎದ್ದು ಹೋದರು. ಕೆಲವರು ಕೂತು, ಇದೇ ಸಮಯವೆಂದು ತಮ್ಮ ಹೆಸರನ್ನು ಎರಡು ಸಾಲು ಮೇಲೆ ಏರಿಸಿಕೊಂಡರು.

ಬಿಂದುವಿನ ಮದುವೆಗೆ ಹೋಗುವುದೋ ಬೇಡವೋ ಎಂದು ಯೋಚಿಸಿ ಸಾಬರು ಕೊನೆಗೆ ಹೋದರು. ಮಂಟಪದಲ್ಲಿ ಊಟಕ್ಕಿಂತ ಹೆಚ್ಚು ಮಾತು ಕಾರ್ಡಿನ ಬಗ್ಗೆ ಇತ್ತು. ಎಂಥ ಮರ್ಯಾದಸ್ತ ಕಾರ್ಡು, ಹಿರಿಯರನ್ನು ಹೀಗೆ ನೆನೆಯಬೇಕು ಎಂದು ನಾಲ್ಕು ಜನ ಹೇಳಿದರು. ಎಲ್ಲಿ ಮಾಡಿಸಿದಿರಿ ಎಂದು ಕೇಳಿದವರಿಗೆ ಮಾರಣ್ಣ ಇನ್ನೊಂದು ಅಂಗಡಿಯ ಹೆಸರು ಹೇಳಿದ. ಫಜಲುಲ್ಲಾ ಒಂದು ಕಂಬದ ಪಕ್ಕ ನಿಂತಿದ್ದರು. ಮುಂದಿನ ಸಾಲಿನ ಕುರ್ಚಿಯಿಂದ ಉಚ್ಚೆಂಗೆಮ್ಮ ಕೈಸನ್ನೆ ಮಾಡಿ ಕರೆದರು. ಪಕ್ಕದಲ್ಲಿ ಸುಧಾ ಕೂತಿದ್ದಳು.

"ಇವ್ರು ಆ ಪಟ್ಟಿ ಕಳ್ಕಂಡಿದ್ದಕ್ಕ ನೀನು ಇಲ್ಲಿ ಕುಂತಿ ನೋಡು," ಎಂದರು ಮುದುಕಿ ಮಗಳಿಗೆ.

"ಯಾಕಮ್ಮ, ಪಟ್ಟಿಗೆ ನಮ್ಮ ಮನೆಯವ್ರೂ ಒಪ್ಪಿದ್ರಲ್ಲ. ಹಂಗಾದ್ರೂ ಬರ್ತಿದ್ವಿ," ಎಂದಳು ಸುಧಾ.

"ಎಲ್ಲಿ ಬರ್ತಿದ್ದಿ? ಕಾರ್ಡು ಕೈಗೆ ಬಂದ್ಮೇಲೆ ನಿನ್ನ ಗಂಡ ಅಕ್ಷರ ಅಳೀತಿದ್ದ, ನಂದು ದಪ್ಪ ಐತೋ ಅವಂದು ದಪ್ಪ ಐತೋ ಅಂತ. ನನ್ನ ಮಗ ಏನು ಕಡಿಮಿ ಅದಾನ? ಕೇಳು ಬೇಕಾರೆ ಸಾಬ್ರನ್ನ, ಅವ್ರಿಗೆ ಗೊತ್ತಿಲ್ವಾ?"

ಸಾಬರಿಗೆ ಗೊತ್ತಿತ್ತು. ಆ ಬೆಂಚಿನ ಮೇಲೆ ಹ್ಞೂಂ ಅಂದು ಹೋದವರಲ್ಲಿ ಎಷ್ಟು ಜನ ಅಚ್ಚಾದ ಮೇಲೆ ಮುನಿಸಿಕೊಂಡರು, ಎಷ್ಟು ಜನ ಮುಂದಿನ ಮದುವೆಗೆ ಇನ್ನೂ ಹೆಚ್ಚಿನ ಜಿದ್ದು ಹೊತ್ತು ಬಂದರು ಎಂಬುದು ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಮನೆತನಕ್ಕೊಂದು ಫೈಲು ಮಾಡಿ, ಯಾರ ಕಣ್ಣಿಗೂ ಬೀಳದಂತೆ ಕಾದು, ಬ್ಯಾಕಪ್ಪಿಗೆ ಬ್ಯಾಕಪ್ ಮಾಡಿ, ಅವರು ಇಷ್ಟು ವರ್ಷ ಜೋಪಾನ ಮಾಡಿದ್ದು ಆ ಜಗಳಗಳನ್ನು. ಹೋದದ್ದೂ ಅವೇ. ಮುದುಕಿ ಇನ್ನೂ ಅವರ ಮುಖವನ್ನೇ ನೋಡುತ್ತಿದ್ದರು.

"ಹೌದಮ್ಮ, ಅಳೀತಿದ್ರು," ಎಂದರು ಫಜಲುಲ್ಲಾ.